ಸೆಕೆಂಡುಗಳ ಎಚ್ಚರಿಕೆ, ದಿನಗಳ ಎಚ್ಚರಿಕೆ

ಮೆಕ್ಸಿಕೊ ನಗರದಲ್ಲಿ ವರ್ಷವರ್ಷವೂ ಸೆಪ್ಟೆಂಬರ್ 19ರಂದು ಭೂಕಂಪದ ಸೈರನ್ ಮೊಳಗುತ್ತದೆ. ಕಚೇರಿಯವರು, ಅಂಗಡಿಯವರು, ಶಾಲೆ ಮಕ್ಕಳು ಸಾಲುಗಟ್ಟಿ ಮೆಟ್ಟಿಲಿಳಿದು ಬೀದಿಗೆ ಬಂದು ನಿಲ್ಲುತ್ತಾರೆ. 1985ರ ಅದೇ ತಾರೀಖಿನಂದು ಆ ನಗರದಲ್ಲಿ ಸಾವಿರಾರು ಜನ ಭೂಕಂಪಕ್ಕೆ ಬಲಿಯಾಗಿದ್ದರು. ಅದರ ನೆನಪಿಗೆ ಈ ಅಣಕು ಕಾರ್ಯಾಚರಣೆ. 2017ರಲ್ಲೂ ಬೆಳಿಗ್ಗೆ 11 ಗಂಟೆಗೆ ಎಲ್ಲವೂ ಕ್ರಮವಾಗಿ ನಡೆದು ಮುಗಿಯಿತು. ಜನ ಒಳಗೆ ಹೋಗಿ ತಮ್ಮ ತಮ್ಮ ಕೆಲಸಕ್ಕೆ ಕೂತರು. ಮಧ್ಯಾಹ್ನ 1 ಗಂಟೆ 14 ನಿಮಿಷಕ್ಕೆ ನಿಜವಾದ ಭೂಕಂಪವೇ ಬಂತು. ತೀವ್ರತೆ 7.1. ಈ ಸಲ ಸೈರನ್ ಬಾಯಿ ತೆರೆಯುವ ಹೊತ್ತಿಗೆ ನೆಲ ಆಗಲೇ ಕುಣಿಯತೊಡಗಿತ್ತು. ಸತ್ತವರು ಮುನ್ನೂರೈವತ್ತಕ್ಕೂ ಹೆಚ್ಚು, ಅವರಲ್ಲಿ ಅರ್ಧಕ್ಕಿಂತ ಮಿಗಿಲು ಜನ ರಾಜಧಾನಿಯವರು.

ವಿಚಿತ್ರವೆಂದರೆ, ಹನ್ನೆರಡು ದಿನ ಮುಂಚೆ ಇದೇ ಸೈರನ್ ತನ್ನ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿತ್ತು. ಸೆಪ್ಟೆಂಬರ್ 7ರಂದು ನಡುರಾತ್ರಿಗೆ ಸ್ವಲ್ಪ ಮೊದಲು, ದೂರದ ತೆಹುವಾಂಟೆಪೆಕ್ ಕೊಲ್ಲಿಯಲ್ಲಿ 8.2 ತೀವ್ರತೆಯ ಭೂಕಂಪ ಹುಟ್ಟಿತು. ರಾಜಧಾನಿಯ ಜನಕ್ಕೆ ಒಂದು ನಿಮಿಷಕ್ಕೂ ಮೀರಿ ಕಾಲಾವಕಾಶ ಸಿಕ್ಕಿತು. ಮಲಗಿದ್ದವರು ಎದ್ದು, ಮಕ್ಕಳನ್ನು ಎತ್ತಿಕೊಂಡು, ಕಂಬಳಿ ಹೊದ್ದು ರಸ್ತೆಗೆ ಬಂದು ನಿಂತ ಮೇಲೆ ನೆಲ ತೂಗಿತು. ದೊಡ್ಡ ಭೂಕಂಪಕ್ಕೆ ಒಂದು ನಿಮಿಷ, ಅದಕ್ಕಿಂತ ಎಷ್ಟೋ ಸಣ್ಣದಕ್ಕೆ ಹೆಚ್ಚುಕಡಿಮೆ ಸೊನ್ನೆ. ಯಂತ್ರ ಕೆಟ್ಟಿರಲಿಲ್ಲ, ನೋಡಿಕೊಳ್ಳುವವರು ನಿದ್ದೆ ಹೋಗಿರಲಿಲ್ಲ. ಈ ವ್ಯವಸ್ಥೆಯ ಲೆಕ್ಕಾಚಾರವೇ ಹಾಗೆ.

ನೆಲದೊಳಗೆ ಬಂಡೆ ಬಿರಿದಾಗ ಮುಖ್ಯವಾಗಿ ಎರಡು ಬಗೆಯ ಅಲೆಗಳು ಹೊರಡುತ್ತವೆ. ಮೊದಲನೆಯದು ‘ಪಿ’ ಅಲೆ. ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ಓಡುತ್ತದೆ, ಸಾಮಾನ್ಯವಾಗಿ ದೊಡ್ಡ ಹಾನಿ ಮಾಡುವುದಿಲ್ಲ. ಹಿಂದಿನಿಂದ ಬರುವ ‘ಎಸ್’ ಅಲೆಯ ವೇಗ ಸೆಕೆಂಡಿಗೆ ಸುಮಾರು ಮೂರೂವರೆ ಕಿಲೋಮೀಟರ್. ಗೋಡೆ ಉರುಳಿಸುವುದು ಇದು ಮತ್ತು ಇದರ ಬೆನ್ನಿಗೇ ಬರುವ ಮೇಲ್ಮೈ ಅಲೆಗಳು. ಹುಟ್ಟಿದ ಜಾಗದ ಹತ್ತಿರ ಹೂತಿಟ್ಟ ಉಪಕರಣ ಮೊದಲ ಅಲೆಯನ್ನು ಹಿಡಿದು, ಗಣಕ ಅದರ ಬಲವನ್ನು ಲೆಕ್ಕಹಾಕಿ, ರೇಡಿಯೊ ಅಥವಾ ದೂರವಾಣಿ ಜಾಲದಲ್ಲಿ ಸುದ್ದಿ ಬಿಟ್ಟರೆ ಸಾಕು. ಸುದ್ದಿ ಬೆಳಕಿನ ವೇಗದಲ್ಲಿ ಹೋಗುತ್ತದೆ, ಭೂಕಂಪ ಬಂಡೆಯೊಳಗೆ ತೆವಳುತ್ತಾ ಬರುತ್ತದೆ. 300 ಕಿಲೋಮೀಟರ್ ದೂರದವನಿಗೆ ಎಸ್ ಅಲೆ ತಲುಪಲು 85 ಸೆಕೆಂಡು ಬೇಕು. ಅದರಲ್ಲಿ ಹತ್ತು ಹದಿನೈದು ಸೆಕೆಂಡು ಪತ್ತೆ ಮತ್ತು ಲೆಕ್ಕಕ್ಕೆ ಹೋದರೂ ಒಂದು ನಿಮಿಷ ಉಳಿಯುತ್ತದೆ. 20 ಕಿಲೋಮೀಟರ್ ದೂರದವನಿಗೆ ಎಸ್ ಅಲೆ ಆರು ಸೆಕೆಂಡಿನಲ್ಲೇ ಬಂದುಬಿಡುತ್ತದೆ, ಇನ್ನೂ ಲೆಕ್ಕವೇ ಮುಗಿದಿರುವುದಿಲ್ಲ. ಎಲ್ಲರಿಗಿಂತ ಜೋರಾಗಿ ಏಟು ತಿನ್ನುವವನಿಗೇ ಎಚ್ಚರಿಕೆ ಸಿಗದಿರುವುದು ಈ ವಿದ್ಯೆಯ ದೊಡ್ಡ ಕೊರತೆ. ತಜ್ಞರು ಆ ಜಾಗವನ್ನು ಕುರುಡು ವಲಯ ಎನ್ನುತ್ತಾರೆ.

ಮೆಕ್ಸಿಕೊ ನಗರಕ್ಕೆ ಈ ಲೆಕ್ಕ ಒಂದು ಕಡೆ ವರ, ಇನ್ನೊಂದು ಕಡೆ ಶಾಪ. ದೊಡ್ಡ ಭೂಕಂಪಗಳು ಹುಟ್ಟುವ ಪೆಸಿಫಿಕ್ ಕರಾವಳಿ ಮುನ್ನೂರು ಮುನ್ನೂರೈವತ್ತು ಕಿಲೋಮೀಟರ್ ಆಚೆ ಇದೆ. ಅಷ್ಟು ದೂರ ಬರುವಷ್ಟರಲ್ಲಿ ಅಲೆ ಸುಸ್ತಾಗಬೇಕು. ಆದರೆ ನಗರದ ಬಹುಭಾಗ ನಿಂತಿರುವುದು ಬತ್ತಿಸಿದ ಟೆಕ್ಸ್‌ಕೊಕೊ ಸರೋವರದ ಮೆತ್ತನೆಯ ಜೇಡಿಯ ಮೇಲೆ. ಎತ್ತಿನಗಾಡಿಯಲ್ಲಿ ಮೊಸರಿನ ಗಡಿಗೆ ಇಟ್ಟುಕೊಂಡು ಹೋದವರಿಗೆ ಇದು ಗೊತ್ತು: ಗಾಡಿ ನಿಂತ ಮೇಲೂ ಒಳಗಿನ ಮೊಸರು ಅಲುಗುತ್ತಲೇ ಇರುತ್ತದೆ. 1985ರಲ್ಲಿ ಆಗಿದ್ದು ಅದೇ. ಆ ಪಾಠ ಕಲಿತ ಮೇಲೆ 1991ರಲ್ಲಿ ಗೆರೆರೊ ಕರಾವಳಿಯುದ್ದಕ್ಕೂ ಹನ್ನೆರಡು ಉಪಕರಣಗಳನ್ನು ನೆಟ್ಟು ಎಚ್ಚರಿಕೆ ಜಾಲ ಶುರುವಾಯಿತು. ಸಾಮಾನ್ಯ ಜನರಿಗೆ ಭೂಕಂಪದ ಮುನ್ನೆಚ್ಚರಿಕೆ ಕೊಟ್ಟ ಮೊದಲ ದೊಡ್ಡ ವ್ಯವಸ್ಥೆ ಇದೇ. ಇಂದು ಬೀದಿಬೀದಿಯ ಕ್ಯಾಮೆರಾ ಕಂಬಗಳಲ್ಲಿ ಧ್ವನಿವರ್ಧಕಗಳಿವೆ. ಏರಿಳಿಯುವ ಕೂಗಿನ ನಡುವೆ ಗಂಡಸಿನ ದನಿಯೊಂದು ‘ಅಲೆರ್ತಾ ಸೀಸ್ಮಿಕಾ’ ಎನ್ನುತ್ತದೆ. ಆ ಊರಲ್ಲಿ ಹುಟ್ಟಿ ಬೆಳೆದವರಿಗೆ ಈ ದನಿ ಕೇಳಿದರೆ ಕಾಲು ತಾನಾಗಿ ಬಾಗಿಲ ಕಡೆ ಹೋಗುತ್ತದಂತೆ. 2017ರ ಸೆಪ್ಟೆಂಬರ್ 19ರ ಕಂಪನ ಮಾತ್ರ ಕರಾವಳಿಯಲ್ಲಿ ಹುಟ್ಟದೆ, ಒಳನಾಡಿನಲ್ಲಿ, ನಗರದಿಂದ ಸುಮಾರು 120 ಕಿಲೋಮೀಟರ್ ದೂರದಲ್ಲಿ ಹುಟ್ಟಿತ್ತು, ಅದಕ್ಕೇ ಸೈರನ್ನಿಗೆ ಸಮಯ ಸಾಲಲಿಲ್ಲ.

ಈ ಉಪಾಯ ಹೊಸದೇನಲ್ಲ. 1868ರ ಅಕ್ಟೋಬರ್‌ನಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ಬಳಿಯ ಹೇವರ್ಡ್‌ನಲ್ಲಿ ಭೂಕಂಪವಾಯಿತು. ಎರಡು ವಾರದಲ್ಲಿ ಜೆ. ಡಿ. ಕೂಪರ್ ಎಂಬ ವೈದ್ಯರು ಅಲ್ಲಿನ ಪತ್ರಿಕೆಯಲ್ಲಿ ಒಂದು ಸಲಹೆ ಬರೆದರು. ಊರಿಂದ ಹತ್ತಾರು ಮೈಲಿ ದೂರದಲ್ಲಿ ಸುತ್ತಲೂ ನೆಲದ ಅಲುಗಾಟ ಗುರುತಿಸುವ ಸಲಕರಣೆ ಇಡಿ, ತಂತಿ ಮೂಲಕ ಊರಿನ ನಡುವೆ ಎತ್ತರದ ಗೋಪುರದಲ್ಲಿರುವ ಗಂಟೆಗೆ ಜೋಡಿಸಿ. ನೆಲ ಅಲುಗಿದರೆ ವಿದ್ಯುತ್ತು ಓಡಿಬಂದು ಗಂಟೆ ಬಾರಿಸುತ್ತದೆ, ಜನ ಹೊರಗೆ ಬರಬಹುದು. ಗಂಟೆಯ ನಾದ ಬೇರಾವ ಗಂಟೆಯಂತೆಯೂ ಇರಬಾರದು ಎಂಬುದನ್ನೂ ಅವರು ಯೋಚಿಸಿದ್ದರು. ಯಾರೂ ಕಿವಿಗೊಡಲಿಲ್ಲ. ಕ್ಯಾಲಿಫೋರ್ನಿಯಾದ ಜನರ ಕೈಯಲ್ಲಿದ್ದ ಫೋನುಗಳಿಗೆ ಇಡೀ ರಾಜ್ಯದ ಮಟ್ಟದಲ್ಲಿ ಇಂಥ ಎಚ್ಚರಿಕೆ ಬರತೊಡಗಿದ್ದು 2019ರ ಅಕ್ಟೋಬರ್‌ನಲ್ಲಿ, ಕೂಪರ್ ಬರೆದ ನೂರೈವತ್ತೊಂದು ವರ್ಷಕ್ಕೆ.

ಜಪಾನಿನಲ್ಲಿ ಈ ಕೆಲಸ ಮೊದಲು ಹಿಡಿದವರು ರೈಲಿನವರು. ಅವರಿಗೆ ತುರ್ತು ಇತ್ತು. 1964ರಲ್ಲಿ ಶಿಂಕಾನ್‌ಸೆನ್ ವೇಗದ ರೈಲು ಓಡತೊಡಗಿದಾಗ ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿ ಹೋಗುವ ಗಾಡಿಯ ಕೆಳಗೆ ಹಳಿ ಅಲುಗಿದರೆ ಗತಿಯೇನು ಎಂಬ ಪ್ರಶ್ನೆ ಎದ್ದಿತು. ಮೊದಲು ಹಳಿ ಬದಿಯಲ್ಲಿ, ಆಮೇಲೆ ಕಡಲ ತೀರದಲ್ಲಿ ಉಪಕರಣಗಳು ಬಂದವು. ರೈಲ್ವೆ ಸಂಶೋಧನಾ ಸಂಸ್ಥೆಯ ಯುಟಾಕಾ ನಕಮುರಾ ಅವರು ಒಂದೇ ಉಪಕರಣದಲ್ಲಿ ಬಂದ ಮೊದಲ ಕೆಲವು ಸೆಕೆಂಡುಗಳ ಪಿ ಅಲೆಯಿಂದಲೇ ಭೂಕಂಪದ ದಿಕ್ಕು, ದೂರ, ಬಲ ಅಂದಾಜು ಮಾಡುವ ದಾರಿ ಹುಡುಕಿದರು. ಅಪಾಯ ಕಂಡರೆ ವ್ಯವಸ್ಥೆ ತಾನೇ ವಿದ್ಯುತ್ ಕಡಿಯುತ್ತದೆ, ವಿದ್ಯುತ್ ಹೋದ ಗಾಡಿ ತಾನೇ ಬ್ರೇಕ್ ಹಾಕಿಕೊಳ್ಳುತ್ತದೆ. ನಿಲ್ಲಿಸಲೇ ಬೇಡವೇ ಎಂದು ಸ್ಟೇಷನ್ ಮಾಸ್ಟರ್ ಯಾರನ್ನೂ ಕೇಳಬೇಕಿಲ್ಲ. ಆ ಪ್ರಶ್ನೆಗೆ ಉತ್ತರ ವರ್ಷಗಳ ಹಿಂದೆಯೇ, ಶಾಂತವಾದ ಕೋಣೆಯಲ್ಲಿ ಕೂತು ಬರೆದಿಟ್ಟದ್ದು.

2011ರ ಮಾರ್ಚ್ 11ರಂದು ಇದರ ಬೆಲೆ ಗೊತ್ತಾಯಿತು. ಮಧ್ಯಾಹ್ನ 2 ಗಂಟೆ 46 ನಿಮಿಷಕ್ಕೆ ಈಶಾನ್ಯ ಕರಾವಳಿಯಾಚೆ 9.0 ತೀವ್ರತೆಯ ಭೂಕಂಪವಾದಾಗ ತೊಹೊಕು ಮಾರ್ಗದಲ್ಲಿ ಇಪ್ಪತ್ತಕ್ಕೂ ಹೆಚ್ಚು ವೇಗದ ರೈಲುಗಳು ಓಡುತ್ತಿದ್ದವು. ಪ್ರಯಾಣಿಕರಿದ್ದ ಒಂದೂ ರೈಲು ಹಳಿ ತಪ್ಪಲಿಲ್ಲ. ಸೆಂಡಾಯ್ ನಿಲ್ದಾಣದ ಬಳಿ ಖಾಲಿ ಓಡುತ್ತಿದ್ದ ಪರೀಕ್ಷಾರ್ಥ ಗಾಡಿ ಮಾತ್ರ ತಪ್ಪಿತು. ಅದಕ್ಕೂ ಏಳು ವರ್ಷ ಹಿಂದೆ ನೀಗಾತದ ಭೂಕಂಪದಲ್ಲಿ ಇಷ್ಟು ಅದೃಷ್ಟ ಇರಲಿಲ್ಲ. ಅಲ್ಲಿ ರೈಲು ಭೂಕಂಪ ಹುಟ್ಟಿದ ಜಾಗದ ಸಮೀಪದಲ್ಲೇ ಇತ್ತು, ಕುರುಡು ವಲಯದಲ್ಲಿ. ಹಳಿ ತಪ್ಪಿತು, ಆದರೆ ಯಾರೂ ಸಾಯಲಿಲ್ಲ.

ಜಪಾನಿನ ಹವಾಮಾನ ಸಂಸ್ಥೆ 2007ರ ಅಕ್ಟೋಬರ್ 1ರಿಂದ ಎಚ್ಚರಿಕೆಯನ್ನು ಎಲ್ಲ ಜನರಿಗೂ ಕೊಡಲು ತೊಡಗಿತು. ಟಿವಿ, ರೇಡಿಯೊ, ಮೊಬೈಲು ಎಲ್ಲದರಲ್ಲೂ. ಬಾನುಲಿ ಕೇಳುಗರಿಗೆ ಇಲ್ಲಿ ಒಂದು ಸ್ವಾರಸ್ಯದ ಸಂಗತಿಯಿದೆ. ಎಚ್ಚರಿಕೆಗೆ ಮುಂಚೆ ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ ಒಂದು ಪುಟ್ಟ ನಾದ ಬಿತ್ತರಿಸುತ್ತದೆ. ಆ ನಾದ ಕಟ್ಟಿದವರು ಶ್ರವಣ ವಿಜ್ಞಾನಿ ತೋರು ಇಫುಕುಬೆ. ಅವರ ಚಿಕ್ಕಪ್ಪ ಅಕಿರಾ ಇಫುಕುಬೆ 1954ರ ‘ಗಾಡ್ಜಿಲ್ಲ’ ಸಿನಿಮಾಕ್ಕೆ ಸಂಗೀತ ಕೊಟ್ಟವರು. ಚಿಕ್ಕಪ್ಪನ ಸಿಂಫನಿಯೊಂದರ ಸ್ವರಮೇಳವೇ ಈ ನಾದಕ್ಕೆ ಮೂಲ. ಕೆಲಸ ಮೇಲ್ನೋಟಕ್ಕೆ ಸುಲಭ, ಮಾಡಹೋದರೆ ಕಠಿಣ. ನಾದ ಕಿವಿ ಮಂದವಾದ ಮುದುಕರಿಗೂ ಕೇಳಬೇಕು, ಅಡುಗೆಮನೆಯ ಗದ್ದಲದಲ್ಲೂ ಎದ್ದು ಕೇಳಿಸಬೇಕು, ಬೇರಾವ ಸದ್ದನ್ನೂ ಹೋಲಬಾರದು. ಕೇಳಿದವರು ಗಾಬರಿಯಿಂದ ಕಲ್ಲಾಗಿ ನಿಲ್ಲಬಾರದು, ಹಾಗೆಂದು ಉದಾಸೀನ ಮಾಡಲೂಬಾರದು. ಸಿಕ್ಕ ಹತ್ತು ಸೆಕೆಂಡಿನಲ್ಲಿ ಮಕ್ಕಳು ಮೇಜಿನಡಿ ಸೇರಬಹುದು, ಒಲೆ ಆರಿಸಬಹುದು, ಲಿಫ್ಟ್ ಹತ್ತಿರದ ಮಹಡಿಯಲ್ಲಿ ನಿಂತು ಬಾಗಿಲು ತೆರೆಯಬಹುದು, ಶಸ್ತ್ರಚಿಕಿತ್ಸೆ ಮಾಡುತ್ತಿರುವ ವೈದ್ಯರು ಕತ್ತರಿ ಮೇಲೆತ್ತಬಹುದು. ಹತ್ತನೇ ಮಹಡಿಯಿಂದ ಇಳಿದು ಓಡುವುದಕ್ಕೆ ಹತ್ತು ಸೆಕೆಂಡು ಸಾಲದು, ಓಡಬಾರದು ಎಂದೂ ಅಲ್ಲಿ ಹೇಳಿಕೊಡುತ್ತಾರೆ.

ಇಷ್ಟಿದ್ದೂ 2011ರಲ್ಲಿ ವ್ಯವಸ್ಥೆ ಎಡವಿದ್ದುಂಟು. ಮೊದಲ ಅಲೆ ಸಿಕ್ಕ 8.6 ಸೆಕೆಂಡಿಗೆ ಎಚ್ಚರಿಕೆ ಹೊರಟಿತು. ಸೆಂಡಾಯ್ ಜನಕ್ಕೆ ಹದಿನೈದು ಸೆಕೆಂಡಿನಷ್ಟು ಸಮಯ ಸಿಕ್ಕಿತು. ಆದರೆ ಟೋಕಿಯೊ ಪ್ರದೇಶಕ್ಕೆ ಸಾರ್ವಜನಿಕ ಎಚ್ಚರಿಕೆ ಹೋಗಲೇ ಇಲ್ಲ. ಕಾರಣ ಕುತೂಹಲದ್ದು. ಆ ಭೂಕಂಪ ಸುಮಾರು 500 ಕಿಲೋಮೀಟರ್ ಉದ್ದದ ಬಿರುಕು, ಪೂರ್ತಿ ಹರಿಯಲು ಮೂರು ನಿಮಿಷದ ಹತ್ತಿರ ಹಿಡಿಯಿತು. ಎಂಟು ಸೆಕೆಂಡಿನಲ್ಲಿ ಗಣಕ ನೋಡಿದ್ದು ಅದರ ಮೊದಲ ತುಂಡನ್ನು ಮಾತ್ರ. ಇನ್ನೂ ನಡೆಯುತ್ತಿರುವ ಘಟನೆಯ ಬಲವನ್ನು ಅದು ಮುಗಿಯುವ ಮೊದಲೇ ಹೇಳು ಎಂದರೆ ಯಾವ ಯಂತ್ರವಾದರೂ ಏನು ಹೇಳೀತು? ಸುನಾಮಿಯ ಅಂದಾಜೂ ಇದರಿಂದಲೇ ಕೆಟ್ಟಿತು. ಮೊದಲ ಪ್ರಕಟಣೆಯಲ್ಲಿ ಇವಾತೆ, ಫುಕುಶಿಮಾ ಕರಾವಳಿಗೆ ಅಲೆ 3 ಮೀಟರ್, ಮಿಯಾಗಿಗೆ 6 ಮೀಟರ್ ಎಂದಿತ್ತು. ಆಮೇಲೆ ಅಂಕಿ ಏರಿಸಿದಾಗ ಎಷ್ಟೋ ಊರುಗಳಲ್ಲಿ ಕರೆಂಟು ಹೋಗಿತ್ತು. ಮೂರು ಮೀಟರ್ ಎಂದು ಕೇಳಿ ತಡೆಗೋಡೆ ಕಾಯುತ್ತದೆ ಎಂದು ಸುಮ್ಮನಿದ್ದವರೂ ಇದ್ದರು. ಇದಾದ ಮೇಲೆ ಜಪಾನ್ ಕಂದಕದುದ್ದಕ್ಕೂ ಕಡಲ ತಳದಲ್ಲಿ ಕೇಬಲ್ ಹಾಸಿ 150 ವೀಕ್ಷಣಾ ಕೇಂದ್ರಗಳನ್ನು ಕೂರಿಸಿದರು. ಉಪಕರಣವನ್ನು ಭೂಕಂಪದ ತವರಿಗೇ ಒಯ್ದರೆ ಒಂದಿಷ್ಟು ಸೆಕೆಂಡು ಹೆಚ್ಚು ಉಳಿಯುತ್ತದಲ್ಲ.

ಉಪಕರಣ ಹೂಳಲು ದುಡ್ಡಿಲ್ಲದ ದೇಶಗಳು ಏನು ಮಾಡಬೇಕು? ಗೂಗಲ್ 2020ರಿಂದ ಆಂಡ್ರಾಯ್ಡ್ ಫೋನುಗಳನ್ನೇ ಉಪಕರಣ ಮಾಡಿಕೊಂಡಿದೆ. ಫೋನು ತಿರುಗಿಸಿದರೆ ಪರದೆಯೂ ತಿರುಗುವುದು ಒಳಗಿನ ಪುಟ್ಟ ಚಲನೆಮಾಪಕದಿಂದ. ಮೇಜಿನ ಮೇಲೆ ಸುಮ್ಮನಿರುವ ಸಾವಿರಾರು ಫೋನುಗಳು ಒಟ್ಟಿಗೇ ನಡುಗಿದರೆ ಅದು ಭೂಕಂಪ ಎಂದು ಲೆಕ್ಕ. 2023ರ ಸೆಪ್ಟೆಂಬರ್‌ನಿಂದ ಭಾರತದಲ್ಲೂ ಈ ಸೌಲಭ್ಯ ಇದೆ. ಜಾಣ ಉಪಾಯ, ಅನುಮಾನವಿಲ್ಲ. ಆದರೆ ಅದೇ ವರ್ಷ ಫೆಬ್ರವರಿ 6ರ ನಸುಕಿನಲ್ಲಿ ಟರ್ಕಿಯಲ್ಲಿ 7.8 ತೀವ್ರತೆಯ ಭೂಕಂಪವಾದಾಗ ಈ ಜಾಲ ಅದರ ಬಲವನ್ನು ತೀರಾ ಕಡಿಮೆ ಅಂದಾಜು ಮಾಡಿತು. ಮಲಗಿದವರನ್ನು ಎಬ್ಬಿಸುವಂಥ ಜೋರು ಎಚ್ಚರಿಕೆ ಐನೂರು ಫೋನುಗಳಿಗೂ ಹೋಗಲಿಲ್ಲ ಎಂಬುದನ್ನು ಕಂಪನಿಯೇ ಮುಂದೆ ಪ್ರಕಟಿಸಿತು. ನಸುಕಿನ ನಾಲ್ಕು ಗಂಟೆಯ ನಿದ್ದೆಯಲ್ಲಿರುವವನಿಗೆ ‘ಟಿಂಗ್’ ಎನ್ನುವ ಸಂದೇಶ ಬಂದರೆಷ್ಟು, ಬಿಟ್ಟರೆಷ್ಟು.

ಭಾರತದಲ್ಲಿ ಇಂಥ ವ್ಯವಸ್ಥೆ ನೆಲೆನಿಂತಿರುವುದು ಉತ್ತರಾಖಂಡದಲ್ಲಿ. ಐಐಟಿ ರೂರ್ಕಿಯವರು ಗಢವಾಲ, ಕುಮಾವೂಂ ಬೆಟ್ಟಗಳಲ್ಲಿ ಉಪಕರಣಗಳನ್ನು ಇಟ್ಟಿದ್ದಾರೆ. 2021ರ ಆಗಸ್ಟ್‌ನಲ್ಲಿ ಜನರ ಬಳಕೆಗೆ ಆ್ಯಪ್ ಕೂಡ ಬಂತು. ಜಾಗದ ಆಯ್ಕೆಗೆ ಕಾರಣ ಇದೆ. 1991ರಲ್ಲಿ ಉತ್ತರಕಾಶಿ, 1999ರಲ್ಲಿ ಚಮೋಲಿ ಎರಡೂ ನಲುಗಿದ್ದು ಅಲ್ಲೇ, ಹಿಮಾಲಯದ ಆ ಪಟ್ಟಿಯಲ್ಲಿ ದೊಡ್ಡ ಭೂಕಂಪ ಬಾಕಿ ಇದೆ ಎಂದು ಭೂವಿಜ್ಞಾನಿಗಳು ಹೇಳುತ್ತಲೇ ಇದ್ದಾರೆ. ಅಲ್ಲಿ ಹುಟ್ಟಿದ ಕಂಪನದ ಸುದ್ದಿ ದೆಹಲಿಗೆ ಒಂದು ನಿಮಿಷದ ಆಸುಪಾಸು ಮುಂಚಿತವಾಗಿ ತಲುಪೀತು. ಚಮೋಲಿಯ ಹಳ್ಳಿಯವನಿಗೆ ಮಾತ್ರ ಅದೇ ಕುರುಡು ವಲಯದ ಕಥೆ.

ಕನ್ನಡನಾಡಿನ ಮಟ್ಟಿಗೆ ಹೇಳುವುದಾದರೆ ಕಿಲ್ಲಾರಿಯನ್ನು ಮರೆಯುವ ಹಾಗಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ಮುಳುಗಿಸಿ ಬಂದು ಜನ ಮಲಗಿದ್ದ ಹೊತ್ತಿನಲ್ಲಿ, ಗಡಿಯಾಚೆ ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಆ ಊರಿನ ಕೆಳಗೇ ನೆಲ ಬಿರಿಯಿತು. ಬೀದರ್, ಕಲಬುರಗಿಯವರೂ ಹಾಸಿಗೆ ಬಿಟ್ಟು ಎದ್ದರು. ತೀವ್ರತೆ 6.2, ಹಿಮಾಲಯದವರ ಲೆಕ್ಕದಲ್ಲಿ ಅಂಥ ದೊಡ್ಡದಲ್ಲ. ಆದರೂ ಹತ್ತು ಸಾವಿರದಷ್ಟು ಜನ ಹೋದರು. ಕೊಂದದ್ದು ಮಾಳಿಗೆ ಮನೆಗಳು. ಮಣ್ಣಿನಲ್ಲಿ ಗುಂಡುಕಲ್ಲು ಜೋಡಿಸಿದ ದಪ್ಪ ಗೋಡೆ, ಬಿಸಿಲಿಗೆ ತಂಪಿರಲೆಂದು ಮೇಲೆ ವರ್ಷವರ್ಷವೂ ಏರಿಸುತ್ತಾ ಬಂದ ಮಣ್ಣಿನ ಹೊರೆ. ಪಿ ಅಲೆಗೂ ಎಸ್ ಅಲೆಗೂ ಅಲ್ಲಿ ಒಂದೆರಡು ಸೆಕೆಂಡಿನ ಅಂತರ. ಜಗತ್ತಿನ ಅತ್ಯುತ್ತಮ ಎಚ್ಚರಿಕೆ ಜಾಲ ಅಂದು ಕಿಲ್ಲಾರಿಯಲ್ಲಿ ಇದ್ದಿದ್ದರೂ ಆ ಊರನ್ನು ಉಳಿಸುತ್ತಿರಲಿಲ್ಲ. ಗೋಡೆಯ ಮೂಲೆ ಬಿಗಿಯುವ ಕಟ್ಟು, ಮಾಳಿಗೆಯ ಹೊರೆ ಇಳಿಸುವ ಕೆಲಸ ಉಳಿಸಬಹುದಿತ್ತು. ದಕ್ಷಿಣ ಪ್ರಸ್ಥಭೂಮಿಯಂಥ, ಭೂಕಂಪ ಅಪರೂಪಕ್ಕೆ ಎಲ್ಲೋ ಒಂದು ಕಡೆ ಬರುವ ಸೀಮೆಯಲ್ಲಿ ಸರ್ಕಾರದ ಹಣ ಮೊದಲು ಗೋಡೆಗೆ ಹೋಗಬೇಕು, ಆಮೇಲೆ ಆ್ಯಪ್‌ಗೆ.

ಕರ್ನಾಟಕದಲ್ಲಿ ನೆಲಕ್ಕೆ ಕಿವಿಗೊಟ್ಟು ಕೂತ ಜಾಗವೊಂದು ಅರವತ್ತು ವರ್ಷದಿಂದ ಇದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಗೌರಿಬಿದನೂರಿನ ಬಳಿ ಭಾಭಾ ಅಣುಶಕ್ತಿ ಕೇಂದ್ರದವರು ನಡೆಸುವ ಕಂಪನಮಾಪಕಗಳ ಸರಣಿ 1965ರಲ್ಲಿ ಶುರುವಾಯಿತು. ಅದರ ಮುಖ್ಯ ಕೆಲಸ ದೂರದೇಶಗಳ ಭೂಗತ ಅಣು ಪರೀಕ್ಷೆಗಳನ್ನು ಪತ್ತೆ ಹಚ್ಚುವುದು. ಕಿವಿ ಇದ್ದಮೇಲೆ ಭೂಕಂಪವೂ ಕೇಳಿಸುತ್ತದೆ.

ಇನ್ನು ಜ್ವಾಲಾಮುಖಿಯ ಕಡೆ ತಿರುಗಿದರೆ ಗಡಿಯಾರವೇ ಬೇರೆಯಾಗುತ್ತದೆ. ಭೂಕಂಪ ಯಾವ ದಿನ ಬರುತ್ತದೆಂದು ಇಂದಿಗೂ ಯಾರೂ ಹೇಳಲಾರರು. 1975ರಲ್ಲಿ ಚೀನಾದ ಹೈಚೆಂಗ್‌ನಲ್ಲಿ ಸಣ್ಣ ಕಂಪನಗಳ ಸರಮಾಲೆ ನೋಡಿ ಜನರನ್ನು ಹೊರಗೆ ಕಳಿಸಿ ಗೆದ್ದದ್ದುಂಟು. ಮರುವರ್ಷವೇ ಟಾಂಗ್‌ಶಾನ್‌ನಲ್ಲಿ ಯಾವ ಸುಳಿವೂ ಸಿಗದೆ ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಜ್ವಾಲಾಮುಖಿ ಹಾಗಲ್ಲ. ಶಿಲಾರಸ ಮೇಲೇರಬೇಕಾದರೆ ಬಂಡೆ ಸೀಳಿಕೊಂಡು ಬರಬೇಕು. ಆಗ ನೂರಾರು ಸಣ್ಣ ಕಂಪನಗಳಾಗುತ್ತವೆ, ಬೆಟ್ಟದ ಮೈ ಊದಿಕೊಳ್ಳುತ್ತದೆ, ಗಂಧಕದ ಅನಿಲ ಹೆಚ್ಚುತ್ತದೆ. ಜಿಪಿಎಸ್, ಓರೆ ಅಳೆಯುವ ಸಲಕರಣೆ, ಅನಿಲ ಅಳೆಯುವ ಸಲಕರಣೆ, ಉಪಗ್ರಹ ಇವೆಲ್ಲ ಸೇರಿ ದಿನಗಳ, ಕೆಲವೊಮ್ಮೆ ತಿಂಗಳುಗಳ ಮುಂಚಿತ ಸುಳಿವು ಕೊಡುತ್ತವೆ. ಸಮಯ ಬೇಕಾದಷ್ಟು ಸಿಗುತ್ತದೆ. ತೊಂದರೆ ಇರುವುದೂ ಅಲ್ಲೇ. ಭೂಕಂಪದ ಸೆಕೆಂಡುಗಳಲ್ಲಿ ವಾದ ಮಾಡಲು ಪುರಸೊತ್ತಿಲ್ಲ, ಜ್ವಾಲಾಮುಖಿಯ ವಾರಗಳಲ್ಲಿ ವಾದವೇ ಮುಗಿಯುವುದಿಲ್ಲ.

ಕೊಲಂಬಿಯಾದ ನೆವಾಡೊ ದೆಲ್ ರೂಯಿಸ್ ಹಿಮ ಹೊದ್ದ ಜ್ವಾಲಾಮುಖಿ, 5,300 ಮೀಟರ್ ಎತ್ತರ. 1984ರ ಕೊನೆಗೆ ಅಲುಗಾಡತೊಡಗಿ, ಒಂದು ವರ್ಷ ಪೂರ್ತಿ ಹೊಗೆ ಬಿಡುತ್ತಾ ಗುರುಗುಟ್ಟಿತು. ಬೆಟ್ಟದಿಂದ ಎಪ್ಪತ್ತು ಕಿಲೋಮೀಟರಿಗೂ ಹೆಚ್ಚು ದೂರದ ಕಣಿವೆಬಾಯಿಯಲ್ಲಿ ಹತ್ತಿ, ಭತ್ತ ಬೆಳೆಯುವ ಸಮೃದ್ಧ ಊರು ಅರ್ಮೆರೊ. 1985ರ ಅಕ್ಟೋಬರ್ 7ರಂದು ತಜ್ಞರು ಅಪಾಯದ ನಕ್ಷೆ ಹೊರಡಿಸಿದರು. ಬೆಟ್ಟ ಸಿಡಿದರೆ ಹಿಮ ಕರಗಿ ಕೆಸರಿನ ಪ್ರವಾಹ ಬರುವ ದಾರಿಯಲ್ಲಿ ಅರ್ಮೆರೊ ಇರುವುದು ಅದರಲ್ಲಿ ಸ್ಪಷ್ಟವಾಗಿತ್ತು. 1845ರಲ್ಲಿ ಬಂದ ಇಂಥದೇ ಕೆಸರಿನ ಮೇಲೆಯೇ ಊರು ಕಟ್ಟಿದ್ದರು. ನಕ್ಷೆ ನೋಡಿದ ಅಧಿಕಾರಿಗಳಲ್ಲಿ ಕೆಲವರು ಅತಿರೇಕ ಎಂದರು. ಊರು ಖಾಲಿ ಮಾಡಿಸಿ, ಬೆಟ್ಟ ಸಿಡಿಯದಿದ್ದರೆ ಖರ್ಚಿಗೆ, ಅವಮಾನಕ್ಕೆ ಹೊಣೆ ಯಾರು ಎಂಬ ಚಿಂತೆ.

ನವೆಂಬರ್ 13ರ ಮಧ್ಯಾಹ್ನ ಮೂರರ ಸುಮಾರಿಗೆ ಮೊದಲ ಸಿಡಿತ. ಸಂಜೆಯ ಹೊತ್ತಿಗೆ ಅರ್ಮೆರೊದಲ್ಲಿ ಬೂದಿ ಉದುರಿತು. ಚರ್ಚಿನ ಧ್ವನಿವರ್ಧಕದಲ್ಲಿ ಗಾಬರಿಯಾಗಬೇಡಿ ಎಂಬ ಮಾತು ಬಂತು, ಊರಿನ ರೇಡಿಯೊವೂ ಅದನ್ನೇ ಹೇಳಿ ಸಂಗೀತ ಹಾಕಿತು. ರಾತ್ರಿ 9 ಗಂಟೆ ದಾಟಿದ ಮೇಲೆ ಬೆಟ್ಟ ನಿಜವಾಗಿ ಸಿಡಿಯಿತು. ಬಿರುಮಳೆ, ಮೋಡ, ಶಿಖರ ಯಾರ ಕಣ್ಣಿಗೂ ಬೀಳಲಿಲ್ಲ, ಊರಿನಲ್ಲಿ ಕರೆಂಟಿಲ್ಲ. ಸಿಡಿತ ದೊಡ್ಡದೇನಲ್ಲ, ಹಿಮದ ಹತ್ತನೇ ಒಂದು ಭಾಗ ಕರಗಿತಷ್ಟೆ. ಆ ನೀರು ಕಣಿವೆಯ ಮಣ್ಣು ಬಂಡೆಗಳನ್ನು ಬಾಚಿಕೊಂಡು ಅರ್ಮೆರೊ ತಲುಪಲು ಸುಮಾರು ಎರಡೂವರೆ ಗಂಟೆ ಹಿಡಿಯಿತು. ಗಮನಿಸಬೇಕು, ಎರಡೂವರೆ ಗಂಟೆ. ಎತ್ತರದ ಗುಡ್ಡಕ್ಕೆ ನಡೆದೇ ಹೋಗಬಹುದಿತ್ತು. ಊರಿನ ಮೇಯರ್ ಹ್ಯಾಮ್ ರೇಡಿಯೊದಲ್ಲಿ ಮಾತಾಡುತ್ತಿದ್ದಾಗಲೇ ಕೆಸರು ನುಗ್ಗಿತು. ಒಟ್ಟು ಸತ್ತವರು 23,000ದಷ್ಟು ಜನ. ಉಪಕರಣ ಸಾಲದೇ ಹೋದದ್ದು ನಿಜ, ಆದರೆ ಅರ್ಮೆರೊ ಮುಳುಗಿದ್ದು ಉಪಕರಣದ ಕೊರತೆಯಿಂದಲ್ಲ. ನಕ್ಷೆಗೂ ಜನರಿಗೂ ನಡುವೆ ಮೇಜುಗಳು ಹೆಚ್ಚಿದ್ದವು.

ಈ ಸಾವುಗಳ ಮರುವರ್ಷ ಅಮೆರಿಕದ ಭೂವೈಜ್ಞಾನಿಕ ಇಲಾಖೆ ಜ್ವಾಲಾಮುಖಿ ತುರ್ತು ತಂಡವೊಂದನ್ನು ಕಟ್ಟಿತು. ಪೆಟ್ಟಿಗೆಯಲ್ಲಿ ಉಪಕರಣ ತುಂಬಿಕೊಂಡು ಕರೆದ ದೇಶಕ್ಕೆ ಹೋಗುವ ತಂಡ. 1991ರ ಏಪ್ರಿಲ್‌ನಲ್ಲಿ ಫಿಲಿಪೀನ್ಸಿನ ಪಿನಾಟುಬೊ ಬೆಟ್ಟ ಐನೂರು ವರ್ಷಗಳ ನಿದ್ದೆಯಿಂದ ಎದ್ದು ಆವಿ ಉಗುಳಿದಾಗ ಅವರು ಹೋದದ್ದು ಅಲ್ಲಿಗೆ. ಆ ಬೆಟ್ಟ ಜ್ವಾಲಾಮುಖಿ ಎಂದು ಸುತ್ತಲಿನ ಹೆಚ್ಚಿನ ಜನಕ್ಕೆ ಗೊತ್ತೇ ಇರಲಿಲ್ಲ. ಇಳಿಜಾರಿನಲ್ಲಿ ಐಟಾ ಬುಡಕಟ್ಟಿನ ಸಾವಿರಾರು ಮನೆಗಳು, ತಪ್ಪಲಲ್ಲಿ ಅಮೆರಿಕದ ದೊಡ್ಡ ವಾಯುನೆಲೆ ಕ್ಲಾರ್ಕ್.

ಫಿಲಿಪೀನ್ಸಿನ ಜ್ವಾಲಾಮುಖಿ ಸಂಸ್ಥೆಯ ಮುಖ್ಯಸ್ಥ ರೈಮುಂಡೊ ಪುನೊಂಗ್‌ಬಯಾನ್ ಮತ್ತು ಅಮೆರಿಕದ ಕ್ರಿಸ್ ನ್ಯೂಹಾಲ್ ಅವರ ತಂಡಗಳು ಮೊದಲು ಮಾಡಿದ್ದು ಐದು ಹಂತದ ಸರಳ ಎಚ್ಚರಿಕೆ ಪಟ್ಟಿ. ಇಂಥ ಹಂತ ಎಂದರೆ ಇಷ್ಟು ದಿನದೊಳಗೆ ಸಿಡಿಯಬಹುದು, ಇಷ್ಟು ದೂರ ಖಾಲಿ ಮಾಡಬೇಕು ಎಂದು ಮೊದಲೇ ಬರೆದಿಟ್ಟರು. ಗಂಧಕದ ಡೈಆಕ್ಸೈಡ್ ಮೇ 13ಕ್ಕೆ ದಿನಕ್ಕೆ 500 ಟನ್ ಇದ್ದದ್ದು ಎರಡು ವಾರದಲ್ಲಿ 5,000 ಟನ್ ದಾಟಿತು. ಜೂನ್ ಮೊದಲ ವಾರ ದಿಢೀರನೆ ಕುಸಿಯಿತು. ಅನಿಲ ಇಳಿದರೆ ಅಪಾಯ ಇಳಿಯಿತು ಎಂದುಕೊಳ್ಳುವುದು ಸಹಜ. ತಂಡದವರು ತದ್ವಿರುದ್ಧ ಓದಿಕೊಂಡರು: ದಾರಿ ಕಟ್ಟಿಕೊಂಡಿದೆ, ಒಳಗೆ ಒತ್ತಡ ಏರುತ್ತಿದೆ.

ಆದರೂ ಅಧಿಕಾರಿಗಳನ್ನು ನಂಬಿಸಿದ್ದು ಈ ಅಂಕಿಗಳಿಗಿಂತ ಒಂದು ವಿಡಿಯೊ. ಫ್ರಾನ್ಸಿನ ಜ್ವಾಲಾಮುಖಿ ತಜ್ಞ ದಂಪತಿ ಮೊರಿಸ್ ಮತ್ತು ಕಾತಿಯಾ ಕ್ರಾಫ್ಟ್ ಜಗತ್ತು ಸುತ್ತಿ ಚಿತ್ರಿಸಿದ ದೃಶ್ಯಗಳು ಅದರಲ್ಲಿದ್ದವು. ಬಿಸಿ ಬೂದಿಯ ಮೋಡ ಇಳಿಜಾರಿನಲ್ಲಿ ಹೇಗೆ ಉರುಳಿಬರುತ್ತದೆ, ಕೆಸರು ಏನು ಮಾಡುತ್ತದೆ, ಅರ್ಮೆರೊದಲ್ಲಿ ಏನಾಯಿತು. ಮಂತ್ರಿಗಳು, ಸೇನಾಧಿಕಾರಿಗಳು, ಹಳ್ಳಿಗರು ಎಲ್ಲರಿಗೂ ಅದನ್ನು ತೋರಿಸಿದರು. ಕ್ರಾಫ್ಟ್ ದಂಪತಿ ಜೂನ್ 3ರಂದು ಜಪಾನಿನ ಉಂಜೆನ್ ಬೆಟ್ಟದಲ್ಲಿ ಅಂಥದೇ ಬೂದಿಮೋಡಕ್ಕೆ ಸಿಕ್ಕಿ ತೀರಿಕೊಂಡರು, ಜೊತೆಗಿದ್ದ ಇತರರೂ ಸೇರಿ 43 ಜನ. ಅವರ ಚಿತ್ರ ಪಿನಾಟುಬೊ ಸುತ್ತ ಓಡುತ್ತಲೇ ಇತ್ತು.

ಜೂನ್ 10ರಂದು ಕ್ಲಾರ್ಕ್ ನೆಲೆಯಿಂದ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಜನ ವಾಹನಗಳಲ್ಲಿ ಹೊರಟರು. ಹಳ್ಳಿಗಳೂ ಖಾಲಿಯಾದವು. ಜೂನ್ 15ರಂದು ಪಿನಾಟುಬೊ ಸಿಡಿಯಿತು, ಇಪ್ಪತ್ತನೇ ಶತಮಾನದ ಎರಡನೇ ಅತಿ ದೊಡ್ಡ ಸ್ಫೋಟ. ಅದೇ ದಿನ ಯೂನ್ಯಾ ಎಂಬ ಚಂಡಮಾರುತವೂ ಹಾದುಹೋಯಿತು. ಮಳೆಯಲ್ಲಿ ನೆನೆದ ಬೂದಿ ಸಿಮೆಂಟಿನಂತೆ ಭಾರವಾಗಿ ಚಾವಣಿಗಳು ಕುಸಿದವು. ಮೊದಲ ದಿನಗಳಲ್ಲಿ ಸತ್ತ ಸುಮಾರು ಮುನ್ನೂರು ಜನರಲ್ಲಿ ಹೆಚ್ಚಿನವರು ಸತ್ತದ್ದು ಹೀಗೆ. ಮುಂದೆ ಶಿಬಿರಗಳಲ್ಲಿ ದಡಾರ ಮೊದಲಾದ ರೋಗಗಳು ಐಟಾ ಮಕ್ಕಳನ್ನು ಕಾಡಿದವು. ಎಚ್ಚರಿಕೆಯಿಂದ ಕಡಿಮೆಯೆಂದರೂ 5,000 ಜೀವ ಉಳಿದವು ಎಂಬುದು ಅಮೆರಿಕದ ಇಲಾಖೆಯ ಅಂದಾಜು.

ಎಲ್ಲ ಜ್ವಾಲಾಮುಖಿಗಳೂ ಪಿನಾಟುಬೊ ಹಾಗೆ ಮುಂಚಿತವಾಗಿ ಹೇಳಿ ಬರುವುದಿಲ್ಲ. 2014ರ ಸೆಪ್ಟೆಂಬರ್ 27, ಶನಿವಾರ, ಜಪಾನಿನ ಒಂತಾಕೆ ಬೆಟ್ಟದ ತುದಿಯಲ್ಲಿ ಚಾರಣಿಗರು ಬುತ್ತಿ ಬಿಚ್ಚುವ ಹೊತ್ತು. ಎಚ್ಚರಿಕೆಯ ಮಟ್ಟ ಅತಿ ಕೆಳಗಿನ ಒಂದರಲ್ಲೇ ಇತ್ತು. ಒಳಗಿನ ನೀರು ಆವಿಯಾಗಿ ಸಿಡಿದ ಬಗೆ ಅದು, ಶಿಲಾರಸ ಮೇಲೆ ಬಂದದ್ದಲ್ಲ. ಉಪಕರಣ ನಡುಗತೊಡಗಿದ್ದು ಹನ್ನೊಂದು ನಿಮಿಷ ಮೊದಲು. 63 ಜನ ಸತ್ತರು ಅಥವಾ ಕಾಣೆಯಾದರು. ಇಂಡೊನೇಷ್ಯದ ಅನಾಕ್ ಕ್ರಾಕಟೋವ 2018ರ ಡಿಸೆಂಬರ್ 22ರ ರಾತ್ರಿ ಬೇರೊಂದು ಪಾಠ ಕಲಿಸಿತು. ಬೆಟ್ಟದ ಒಂದು ಮಗ್ಗುಲು ಕುಸಿದು ಕಡಲಿಗೆ ಬಿದ್ದು ಸುನಾಮಿ ಎದ್ದಿತು. ದೊಡ್ಡ ಭೂಕಂಪವಾದರೆ ಸುನಾಮಿ ಎಂದು ಹುಡುಕಲು ಕಲಿಸಿದ್ದ ವ್ಯವಸ್ಥೆಗೆ ಭೂಕಂಪವೇ ಕಾಣಲಿಲ್ಲ, ಅದು ಸುಮ್ಮನಿತ್ತು. ನಾನೂರಕ್ಕೂ ಹೆಚ್ಚು ಜನ ಹೋದರು.

ಅದೇ ದೇಶದ ಮೆರಾಪಿಯಲ್ಲಿ 2010ರಲ್ಲಿ ವಿಜ್ಞಾನಿ ಸುರೊನೊ ದಿನಕ್ಕೊಂದು ಸಲ ಟಿವಿಯಲ್ಲಿ ಮಾತಾಡಿ ಜನರ ವಿಶ್ವಾಸ ಗಳಿಸಿದ್ದರು. ಬೆಟ್ಟದ ಕಾವಲುಗಾರನೆಂದು ಯೋಗ್ಯಕರ್ತದ ಸುಲ್ತಾನರು ನೇಮಿಸಿದ್ದ ವೃದ್ಧ ಮ್ಬಾ ಮರಿಜಾನ್ ತನ್ನ ಹಳ್ಳಿ ಬಿಟ್ಟು ಬರಲಿಲ್ಲ, ಅಕ್ಟೋಬರ್ 26ರಂದು ಬೂದಿಮೋಡದಲ್ಲಿ ತೀರಿಕೊಂಡ. ಆತನನ್ನು ಮೂಢ ಎಂದು ತಳ್ಳಿಹಾಕುವುದು ಸುಲಭ. ಬೆಟ್ಟವನ್ನು ನೋಡಿಕೊಳ್ಳುವುದು ತನ್ನ ಹುದ್ದೆ, ಹುದ್ದೆ ಬಿಟ್ಟು ಹೋಗುವುದು ಹೇಗೆ ಎಂಬುದು ಅವನ ನಿಲುವಾಗಿತ್ತು. ನವೆಂಬರ್ 5ರ ನಸುಕಿನ ದೊಡ್ಡ ಸಿಡಿತದ ಹೊತ್ತಿಗೆ ಸುರೊನೊ ನಿಷೇಧ ವಲಯವನ್ನು 20 ಕಿಲೋಮೀಟರಿಗೆ ಹಿಗ್ಗಿಸಿದ್ದರು. ಮುನ್ನೂರೈವತ್ತಕ್ಕೂ ಹೆಚ್ಚು ಸಾವುಗಳಾದರೂ ಹತ್ತಿಪ್ಪತ್ತು ಸಾವಿರ ಜನ ಉಳಿದರೆಂಬ ಲೆಕ್ಕವಿದೆ.

ಭಾರತದ ಒಂದೇ ಒಂದು ಜೀವಂತ ಜ್ವಾಲಾಮುಖಿ ಅಂಡಮಾನಿನ ಬ್ಯಾರೆನ್ ದ್ವೀಪ. ಅಲ್ಲಿ ಮನುಷ್ಯರ ವಾಸವಿಲ್ಲ, ಎಬ್ಬಿಸಬೇಕಾದವರೂ ಇಲ್ಲ.

ಕೊಟ್ಟ ಎಚ್ಚರಿಕೆ ಸುಳ್ಳಾದರೆ? ಕೆರಿಬಿಯನ್ನಿನ ಗ್ವಾಡಲೂಪ್‌ನಲ್ಲಿ 1976ರಲ್ಲಿ ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನರನ್ನು ತಿಂಗಳುಗಟ್ಟಲೆ ಊರು ಬಿಡಿಸಿದರು, ದೊಡ್ಡ ಸ್ಫೋಟ ಆಗಲೇ ಇಲ್ಲ. ಇಟಲಿಯ ನೇಪಲ್ಸ್ ಪಕ್ಕದ ಪೊಜ್ಜುವೊಲಿಯಲ್ಲಿ 1982-84ರಲ್ಲಿ ನೆಲ 1.8 ಮೀಟರ್ ಎದ್ದಿತು. ನಲವತ್ತು ಸಾವಿರ ಜನ ಮನೆ ಬಿಟ್ಟರು, ಜ್ವಾಲಾಮುಖಿ ಸಿಡಿಯಲಿಲ್ಲ, ನೆಲ ಮೆಲ್ಲಗೆ ಕೆಳಗಿಳಿಯಿತು. ಆ ಸೀಮೆಯ ಹೆಸರು ಕಾಂಪಿ ಫ್ಲೆಗ್ರೆಯಿ. ಊರುಗಳೇ ಜ್ವಾಲಾಮುಖಿಯ ಬಾಯೊಳಗಿವೆ. 2005ರಿಂದ ನೆಲ ಮತ್ತೆ ಏಳುತ್ತಿದೆ, 2012ರಿಂದ ಹಳದಿ ಎಚ್ಚರಿಕೆ ಜಾರಿಯಲ್ಲಿದೆ. 2025ರ ಮಾರ್ಚ್‌ನಲ್ಲಿ ಮತ್ತು ಜೂನ್‌ನಲ್ಲಿ 4.6 ತೀವ್ರತೆಯ ಕಂಪನಗಳಾದಾಗ ಜನ ರಾತ್ರಿ ಕಾರುಗಳಲ್ಲಿ ಮಲಗಿದ್ದೂ ಉಂಟು. ಕೆಂಪು ವಲಯದಲ್ಲಿ ಸುಮಾರು ಐದು ಲಕ್ಷ ಜನರಿದ್ದಾರೆ. ಸರ್ಕಾರದ ಯೋಜನೆಯ ಪ್ರಕಾರ 72 ಗಂಟೆಯಲ್ಲಿ ಅಷ್ಟೂ ಜನರನ್ನು ಸಾಗಿಸಬೇಕು. ಯಾವ ಊರಿನವರು ಇಟಲಿಯ ಯಾವ ಪ್ರಾಂತ್ಯಕ್ಕೆ ಹೋಗಬೇಕೆಂಬುದೂ ಗೊತ್ತುಮಾಡಿಟ್ಟಿದೆ. ಅಪಾಯ ಮೀರಿದಾಗ ತಜ್ಞರ ಸಮಿತಿಯ ಮಾತು ಕೇಳಿ ಕೆಂಪು ಎಚ್ಚರಿಕೆಗೆ ಸಹಿ ಹಾಕಬೇಕಾದವರು ದೇಶದ ಪ್ರಧಾನಿ. 1983-84ರಲ್ಲಿ ಸುಮ್ಮನೆ ಮನೆ ಬಿಟ್ಟವರಲ್ಲಿ ಎಷ್ಟೋ ಮಂದಿ ಇನ್ನೂ ಅದೇ ಸೀಮೆಯಲ್ಲಿದ್ದಾರೆ, ಆ ಸಹಿ ಬಿದ್ದ ದಿನ ಅವರೂ ಗಂಟುಮೂಟೆ ಕಟ್ಟಬೇಕು.